ಗುರಮ್ಮ ತೊಳೆದ ಹನ್ನೆರಡು ಶೀಸೆ

ಔರಾದಿನ ಮಿಡಲ್ ಸ್ಕೂಲಿಗೆ ಸರ್ಕಾರದ ವಿಜ್ಞಾನದ ಪೆಟ್ಟಿಗೆ ಬಂದ ದಿನ ಗುರಮ್ಮನ ಕೈ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅದು ಸುಮ್ಮನಿರುವ ಕೈಯೇ ಅಲ್ಲ. ಶಾಲೆಯ ಕಸ ಗುಡಿಸಿ, ಬಾವಿಯಿಂದ ನೀರು ಸೇದಿ, ಗಂಟೆ ಬಾರಿಸುತ್ತ ಒಂಬತ್ತು ವರ್ಷ ಕಳೆದವಳು. ನಿಜಾಮನ ಕಾಲದಲ್ಲಿ ಸೇರಿಕೊಂಡವಳು, ನಿಜಾಮನ ಆಳಿಕೆ ಹೋದರೂ ಉಳಿದವಳು. ಐವತ್ತರ ವಿಧವೆ, ಮಕ್ಕಳಿಲ್ಲ. ಇದ್ದದ್ದೊಂದು ಈ ಕೆಲಸ, ಅದೂ ಖಾಯಂ ಅಲ್ಲ.

ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಮೂರು ವರ್ಷವಾಗಿತ್ತು. ತಾಲ್ಲೂಕಿನ ಮಕ್ಕಳೂ ವಿಜ್ಞಾನವನ್ನು ಬರೀ ಬಾಯಿಪಾಠ ಮಾಡದೆ ಕಣ್ಣಾರೆ ಕಾಣಲಿ ಎಂದು ಹೈದರಾಬಾದಿನ ಹೊಸ ಸರ್ಕಾರ ಗ್ರ್ಯಾಂಟು ಮಂಜೂರು ಮಾಡಿತ್ತು. ಆ ಗ್ರ್ಯಾಂಟು ಮುಂಬಯಿಯಿಂದ ಪೆಟ್ಟಿಗೆಯ ರೂಪದಲ್ಲಿ ಹೊರಟು, ರೈಲಿನಲ್ಲಿ ಭಾಲ್ಕಿಗೆ ಬಂದು, ಅಲ್ಲಿಂದ ಬೆಲ್ಲದ ಗಾಡಿ ಹತ್ತಿತು. ಬೇಸಿಗೆಯ ಬಿಸಿಲಿಗೆ ಬೆಲ್ಲ ಕರಗಿ ಪೆಟ್ಟಿಗೆಯ ಸಂದಿಯಲ್ಲಿ ಇಳಿಯಿತು. ಔರಾದು ಮುಟ್ಟುವ ಹೊತ್ತಿಗೆ ಒಳಗಿದ್ದ ಹನ್ನೆರಡು ಶೀಸೆಗಳ ಮೇಲೂ ಇರುವೆ ಹತ್ತಿದ್ದವು.

ಹೊರಗಿನಿಂದ ಬಂದ ಯಾವ ಪಾತ್ರೆಯನ್ನೂ ಬೂದಿ ಹಚ್ಚಿ ತಿಕ್ಕಿ ತೊಳೆಯದೆ ಒಳಗೆ ತರಬಾರದು. ಇದು ಗುರಮ್ಮನ ಮನೆಯ ರೂಢಿ, ಅವಳ ತಾಯಿಯ ಮನೆಯ ರೂಢಿ. ಯಾರ್ಯಾರು ಮುಟ್ಟಿದ್ದಾರೋ, ಎಲ್ಲೆಲ್ಲಿ ಇಟ್ಟಿದ್ದಾರೋ! ಮಾಸ್ತರರು ಬರುವ ಮೊದಲೇ ಅವಳು ಶಾಲೆಯ ಹಿತ್ತಲಿನಲ್ಲಿ ಕುಳಿತು ತೆಂಗಿನ ನಾರಿನಿಂದ ಒಂದೊಂದೇ ಶೀಸೆಯನ್ನು ತಿಕ್ಕಿದಳು. ಮೈಗೆ ಅಂಟಿದ ಕಾಗದದ ತುಂಡುಗಳು ಸುಲಭಕ್ಕೆ ಬಿಡಲಿಲ್ಲ. ಉಗುರಿನಿಂದ ಕೆರೆದು ತೆಗೆದಳು. ಬಿಸಿಲಿನಲ್ಲಿ ಸಾಲಾಗಿ ಇಟ್ಟಾಗ ಶೀಸೆಗಳು ಫಳಫಳ ಹೊಳೆದವು, ಅವಳಿಗೆ ತನ್ನ ಕೆಲಸದ ಮೇಲೆ ಪ್ರೀತಿ ಉಕ್ಕಿ ಬಂತು.

ವಿಜ್ಞಾನದ ಮಾಸ್ತರ ಶಿವರಾಜಪ್ಪ ಬಂದು, ಬಗ್ಗಿ, ಶೀಸೆಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಗುರಮ್ಮವ್ವ, ಮ್ಯಾಲಿನ ಚೀಟಿ ಎಲ್ಲಿ?"

"ಹೊಲಸಾಗಿದ್ದವ್ರಿ. ತೆಗದ ಒಗದೆ."

"ಅದರಾಗೇ ಹೆಸರು ಬರದಿದ್ರಬೇ! ಈಗ ಯಾವುದರಾಗ ಏನದ ಅಂತ ಯಾರಿಗೆ ಗೊತ್ತು?"

ಹೆಡ್‌ಮಾಸ್ತರ ಬಕ್ಕಪ್ಪನವರು ಕೂಗಾಡಿದ್ದು ತಹಶೀಲಿನವರೆಗೂ ಕೇಳಿಸಿರಬೇಕು. ಪೆಟ್ಟಿಗೆಯಲ್ಲಿ ಏನೇನಿದೆ ಎಂದು ಬರೆದ ಸಾಮಾನಿನ ಯಾದಿ ಇದ್ದದ್ದು ಬೀದರಿನ ಕಚೇರಿಯಲ್ಲಿ. ಅದನ್ನು ಹಿಡಿದುಕೊಂಡು ಇನ್‌ಸ್ಪೆಕ್ಟರ್ ಮುನೀರೋದ್ದೀನ ಸಾಹೇಬರು ಎಂಟು ದಿನಕ್ಕೆ ಬರುವವರಿದ್ದರು. ಯಾದಿಗೆ ಸಾಮಾನು ತಾಳೆಯಾಗದಿದ್ದರೆ ಪೆಟ್ಟಿಗೆ ವಾಪಸು. ಗುರಮ್ಮನನ್ನು ಖಾಯಂ ಮಾಡುವ ಕಾಗದವೂ ಅದೇ ದಿನ ಅದೇ ಸಾಹೇಬರ ಮುಂದೆ ಹೋಗಬೇಕಿತ್ತು.

"ಒಂದು ಶೀಸಿ ತಾಳೆ ಆಗಲಿಲ್ಲ ಅಂದ್ರೂ ಆ ಕಾಗದ ಹರದ ಒಗೀತೇನಿ. ನೀ ಮನಿಗೆ ಹೋಗು," ಅಂದರು ಬಕ್ಕಪ್ಪನವರು.

ಗುರಮ್ಮ ಹನ್ನೆರಡೂ ಶೀಸೆಗಳನ್ನು ಎತ್ತಿ ಒಳಗಿಟ್ಟಳು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಶಿವರಾಜಪ್ಪನ ಎದುರು ಬಂದು ನಿಂತಳು. ಅವನೂ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಪಾಪ, ಹೈದರಾಬಾದಿನಲ್ಲಿ ಉರ್ದುವಿನಲ್ಲಿ ವಿಜ್ಞಾನ ಓದಿ ಬಂದವನು. ಪುಟಗಟ್ಟಲೆ ಬಾಯಿಪಾಠ ಬರುತ್ತಿತ್ತು. ಒಂದು ಶೀಸೆಯನ್ನಾದರೂ ಕೈಯಿಂದ ಮುಟ್ಟಿರಲಿಲ್ಲ.

"ಒಳಗ ಏನದ ಅನ್ನೂದು ಅದಕ್ಕಂತೂ ಗೊತ್ತದಲ್ರಿ ಮಾಸ್ತರ್ರ. ಅದಕ್ಕೇ ಕೇಳಿ ನೋಡೂಣು," ಎಂದಳು ಗುರಮ್ಮ. ಒಂದು ಮುಚ್ಚಳ ತಿರುವಿ, ಬೆರಳು ಅದ್ದಿ, ನಾಲಿಗೆಯ ಹತ್ತಿರ ಒಯ್ದಳು.

ಶಿವರಾಜಪ್ಪ ಜಿಗಿದು ಅವಳ ಕೈ ಹಿಡಿದ. "ಸಾಯ್ತಿ ನೋಡು! ನಾಲಿಗಿಗೆ ಹಚ್ಚಬ್ಯಾಡ!"

"ಮತ್ತ ಹ್ಯಾಂಗ ಕೇಳೂದ್ರಿ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಅವನು ಮೊದಲ ಸಲ ನಿಜವಾದ ವಿಜ್ಞಾನದ ಮಾಸ್ತರನಾದ ಎಂದರೆ ತಪ್ಪಿಲ್ಲ.

ಬಣ್ಣದ ಮೂರು ಸುಲಭಕ್ಕೆ ಸಿಕ್ಕವು. ನೀಲಿ ಹರಳು ಮೈಲುತುತ್ತ, ಹಳದಿ ಪುಡಿ ಗಂಧಕ; ಕಾಲರಾ ಬಂದಾಗ ಬಾವಿಗೆ ಸುರಿದ ಕೆಂಪು ಔಷಧಿಯನ್ನು ಗುರಮ್ಮ ದೂರದಿಂದಲೇ ಗುರುತಿಸಿದಳು. ನೀರಿನಂಥ ದ್ರವವಿದ್ದ ಎರಡು ಶೀಸೆಗಳನ್ನು ಶಿವರಾಜಪ್ಪ ತಾನೇ ಹಿಡಿದ. ಒಂದು ಮೂಗು ಸುಡುವ ಹೊಗೆ ಬಿಟ್ಟಿತು, ಇನ್ನೊಂದರ ಒಂದು ಹನಿ ಕಟ್ಟಿಗೆಯನ್ನು ಕಪ್ಪು ಮಾಡಿತು; ಒಂದು ಉಪ್ಪಿನ ಆಮ್ಲ, ಇನ್ನೊಂದು ಗಂಧಕದ ಆಮ್ಲ. ಪುಸ್ತಕದಲ್ಲಿ ಹೀಗೇ ಬರೆದಿತ್ತು ಎಂದು ಅವನು ಕುಣಿದಾಡಿದ. ಬರೆದದ್ದು ನಿಜವಾಗುತ್ತದೆ ಎಂದು ಅವನಿಗೂ ಆವತ್ತೇ ತಿಳಿದದ್ದು.

ಅವರನ್ನು ಪೇಚಿಗೆ ಸಿಕ್ಕಿಸಿದ್ದು ಉಳಿದ ಏಳು. ಏಳೂ ಬೆಳ್ಳಗೆ.

ಮೂರನೆಯ ದಿನ ಗುರಮ್ಮ ಮನೆಯಿಂದ ಅರಿಶಿನದಲ್ಲಿ ಅದ್ದಿ ಒಣಗಿಸಿದ ಅರಿವೆಯ ತುಂಡುಗಳನ್ನು ತಂದಳು. ಅವಳ ತಾಯಿ ಮನೆಯಲ್ಲೇ ಕುಂಕುಮ ಮಾಡುತ್ತಿದ್ದಳು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರದ ಉಪ್ಪು ಬಿದ್ದರೂ ಕೆಂಪಾಗುತ್ತದೆ; ಇದು ಗುರಮ್ಮನಿಗೆ ಹುಟ್ಟಿದಾಗಿನಿಂದ ಗೊತ್ತು. ಏಳು ಪುಡಿಗಳನ್ನೂ ನೀರಿನಲ್ಲಿ ಕದಡಿ ಒಂದೊಂದಾಗಿ ಅರಿವೆಗೆ ತಾಗಿಸಿದರು. ನಾಲ್ಕನೆಯದಕ್ಕೆ ಹಳದಿ ಅರಿವೆ ಕಣ್ಣೆದುರೇ ಕೆಂಪಾಯಿತು.

"ಸೋಡಾ!" ಎಂದು ಚೀರಿದ ಶಿವರಾಜಪ್ಪ. "ಗುರಮ್ಮವ್ವ, ಇದನ್ನ ನಿಂಗ ಯಾರು ಕಲಿಸಿದ್ರು?"

ಗುರಮ್ಮ ಅರಿವೆಯನ್ನು ಬೆಳಕಿಗೆ ಹಿಡಿದಳು. ಗಂಡ ಸತ್ತ ಮೇಲೆ ಹದಿನಾರು ವರ್ಷ ಅವಳು ಕುಂಕುಮ ಹಚ್ಚಿರಲಿಲ್ಲ, ಮಾಡಿರಲೂ ಇಲ್ಲ. ಆ ಕೆಂಪು ಮತ್ತೆ ತನ್ನ ಕೈಯಲ್ಲಿ ಎದ್ದದ್ದು ನೋಡಿ ಅವಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲದಂತಾಯಿತು. ನೀರು ಸೇದುವಾಗಲೂ ಶೀಸೆಯ ಧ್ಯಾನ, ಗಂಟೆ ಬಾರಿಸುವಾಗಲೂ ಶೀಸೆಯ ಧ್ಯಾನ. ಒಂದು ದಿನ ಊಟದ ಗಂಟೆಯನ್ನು ಅರ್ಧ ತಾಸು ಮೊದಲೇ ಬಾರಿಸಿ ಬೈಸಿಕೊಂಡಳು. ಕೆಸರು ನೀರನ್ನು ತಿಳಿ ಮಾಡಿದ್ದು ಪಟಿಕ ಎಂದಾಯಿತು. ಕೆಂಡದ ಮೇಲೆ ಒಂದು ಪುಡಿ ಚಿಟಪಟ ಸಿಡಿಯಿತು, ಅದು ಉಪ್ಪು. ಇನ್ನೊಂದು ಸುರ್ರೆಂದು ಕೆಂಡವನ್ನೇ ಉರಿಸಿತು, ಅದು ಪಟಾಕಿಯ ಮದ್ದಿಗೆ ಹಾಕುವ ಸೋರುಪ್ಪು. ನಿಂಬೆರಸ ಹಿಂಡಿದರೆ ನೊರೆಯೆದ್ದದ್ದು ಸೀಮೆಸುಣ್ಣ. ಬಟ್ಟಲಿಗೆ ಕಲಾಯಿ ಹಾಕುವ ಹುಸೇನನನ್ನು ಬಜಾರದಿಂದ ಎಳೆದು ತಂದದ್ದೂ ಗುರಮ್ಮನೇ. ಅವನು ಒಂದು ಚಿಟಿಕೆ ಕಾದ ಬಟ್ಟಲಿಗೆ ಉದುರಿಸಿದ, ಬಿಳಿ ಹೊಗೆ ಭುಸ್ಸೆಂದು ಎದ್ದಿತು.

"ಇದು ನವಸಾಗರ, ಗುರಮ್ಮಕ್ಕ. ದಿನಾ ಇದರ ಹೊಗಿ ಕುಡದೇ ನಾ ಮುದಕ ಆಗೇನಿ," ಅಂದ.

ಹನ್ನೊಂದಾದವು. ಹನ್ನೆರಡನೆಯದು ಮಾತ್ರ ಬಾಯಿ ಬಿಡಲಿಲ್ಲ. ನೀರಿನಲ್ಲಿ ಕರಗದು, ಅರಿಶಿನಕ್ಕೆ ಕೆಂಪಾಗದು, ನಿಂಬೆರಸಕ್ಕೆ ನೊರೆಯೇಳದು. ಕೊನೆಗೆ ಗುರಮ್ಮ ಕಬ್ಬಿಣದ ಸೌಟಿನಲ್ಲಿ ಹಾಕಿ ಒಲೆಯ ಮೇಲೆ ಹಿಡಿದಳು. ಬೆಳ್ಳಗಿದ್ದ ಪುಡಿ ಮೆಲ್ಲಗೆ ಹಳದಿಯಾಯಿತು. ಕೆಳಗಿಳಿಸಿದಳು, ಆರುತ್ತ ಆರುತ್ತ ತಿರುಗಿ ಬೆಳ್ಳಗಾಯಿತು. ಮತ್ತೆ ಕಾಯಿಸಿದಳು, ಮತ್ತೆ ಹಳದಿ. ಮತ್ತೆ ಆರಿಸಿದಳು, ಮತ್ತೆ ಬಿಳಿ.

"ಹಳದಿ ಎಲ್ಲಿಂದ ಬರ್ತದ್ರಿ ಮಾಸ್ತರ್ರ? ಎಲ್ಲಿಗಿ ಹೋಗ್ತದ?"

"ನಂಗೂ ಗೊತ್ತಿಲ್ಲವ್ವ," ಎಂದ ಶಿವರಾಜಪ್ಪ. ಅವನ ಬಾಯಿಪಾಠದಲ್ಲಿ ಇದು ಇರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಬಕ್ಕಪ್ಪನವರು ಶೀಸೆಗಳ ಹೊಸ ಚೀಟಿಗಳನ್ನು ನೋಡುತ್ತ ಬಂದು ಕೊನೆಯದರ ಮುಂದೆ ನಿಂತರು. ಅದರ ಮೇಲೆ 'ಇನ್ನೂ ಗೊತ್ತಿಲ್ಲ' ಎಂದು ಬರೆದಿತ್ತು.

"ಏನರೆ ಒಂದು ಹೆಸರು ಬರೀರಿ. ಸಾಹೇಬರು ಏನು ಸೌಟು ಹಿಡದು ನೋಡ್ತಾರೇನು?"

"ಸುಳ್ಳು ಹೆಸರು ಬ್ಯಾಡ್ರಿ," ಅಂದಳು ಗುರಮ್ಮ. ಬಕ್ಕಪ್ಪನವರು ಅವಳನ್ನು ದುರುಗುಟ್ಟಿ ನೋಡಿ ಹೊರಟುಹೋದರು.

ಮುನೀರೋದ್ದೀನ ಸಾಹೇಬರು ಬಂದರು. ಬಡಕಲು ಮೈ, ದಪ್ಪ ಕನ್ನಡಕ, ಮೂರು ಶಾಲೆ ತಪಾಸಣೆ ಮಾಡಿ ಬಂದ ಸುಸ್ತು. ಚೀಟಿ ಹೋದ ಕಥೆಯನ್ನು ಶಿವರಾಜಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ಸಾಹೇಬರು ಜೇಬಿನಿಂದ ಯಾದಿ ತೆಗೆದು ಒಂದೊಂದೇ ಹೆಸರಿಗೆ ಗೀಟು ಹಾಕುತ್ತ ಬಂದರು. ಗುರಮ್ಮ ಬಾಗಿಲಲ್ಲಿ ನಿಂತು ಒಂದೊಂದನ್ನೂ ಬೆರಳಲ್ಲಿ ಎಣಿಸಿದಳು. ಮೈಲುತುತ್ತ, ಇತ್ತು. ಗಂಧಕ, ಇತ್ತು. ಸೋಡಾ, ನವಸಾಗರ, ಸೋರುಪ್ಪು, ಎಲ್ಲವೂ ಇದ್ದವು. ಹನ್ನೊಂದು ಗೀಟು ಬಿದ್ದವು.

ಸಾಹೇಬರು ಕೊನೆಯ ಶೀಸೆಯ ಚೀಟಿ ಓದಿದರು. ಯಾದಿಯಲ್ಲಿ ಗೀಟು ಬೀಳದೆ ಉಳಿದದ್ದು ಒಂದೇ ಹೆಸರು.

"ಅಷ್ಟೇ ಅಲ್ಲೇನು? ಇಲ್ಲೇ ಅದ ನೋಡ್ರಿ ಇದರ ಹೆಸರು..." ಎಂದು ಬಾಯಿ ತೆರೆದರು.

ಆ ಹೆಸರು ಹೊರಬಿದ್ದರೆ ಹನ್ನೆರಡೂ ತಾಳೆ. ಪೆಟ್ಟಿಗೆ ಉಳಿಯಿತು, ನೌಕರಿ ಉಳಿಯಿತು. ಬಕ್ಕಪ್ಪನವರು ಆಗಲೇ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ್ದರು.

"ಹೇಳಬ್ಯಾಡ್ರಿ ಸಾಹೇಬ್ರ!"

ಎಲ್ಲರೂ ತಿರುಗಿ ನೋಡಿದರು. ಕೂಗಿದವಳು ಗುರಮ್ಮ.

"ಯಾಕ ಬಾಯಿ?" ಎಂದು, ಆ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ ಕರೆದು ಕೇಳಿದರು ಸಾಹೇಬರು.

"ನೀವು ಹೇಳಿದ್ರ ಹೆಸರಷ್ಟೇ ಗೊತ್ತಾಗ್ತದ್ರಿ. ಕಾಯಿಸಿದ್ರ ಹಳದಿ ಯಾಕಾಗ್ತದ, ಆರಿದ್ರ ಬೆಳ್ಳಗ ಯಾಕಾಗ್ತದ, ಅದು ಗೊತ್ತಾಗಂಗಿಲ್ಲ. ಇನ್ನೆರಡು ದಿನ ಕೊಡ್ರಿ. ನಾವೇ ಕೇಳಿ ನೋಡ್ತೇವ್ರಿ."

"ಏ ಗುರಮ್ಮ! ನೌಕರಿ ಬೇಕೋ ಬ್ಯಾಡೋ ನಿಂಗ?" ಬಕ್ಕಪ್ಪನವರು ಹಲ್ಲು ಕಡಿದರು.

"ಬೇಕ್ರಿ. ಆದ್ರ ಅದು ಸಾಹೇಬ್ರ ಕೈಯಾಗದ. ಇದು ನನ್ನ ಕೈಯಾಗದ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಯಾದಿಯನ್ನು ನಾಲ್ಕು ಮಡಿಕೆ ಮಾಡಿ ಶೇರವಾನಿಯ ಒಳಜೇಬಿಗೆ ಹಾಕಿದರು.

"ಇಂಥಾ ಪೆಟ್ಟಿಗಿ ಹೋದ ಉಳಿದ ಮೂರೂ ಸಾಲಿ ನೋಡಿ ಬಂದೇನಿ. ಎಲ್ಲಾ ಕಡಿ ಚೀಟಿ ಹೊಚ್ಚ ಹೊಸಾವು, ಮುಚ್ಚಳದ ಸೀಲು ಹಂಗ ಅದ. ಶೀಸಿ ಒಡದಾವು ಅಂತ ಅಲಮಾರಿಗೆ ಕೀಲಿ ಹಾಕಿ ಇಟ್ಟಾರ. ಹಾಂಗೇ ಇರ್ಲಿ ಅಂತ ನಾನೂ ಗೀಟು ಹಾಕಿ ಬಂದೆ," ಎಂದರು. ತಪ್ಪೊಪ್ಪಿಕೊಳ್ಳುವವರ ದನಿ ಅದು. "ಒಲಿ ಹಚ್ಚು ಬಾಯಿ. ಹಳದಿ ಆಗೂದು ನಾನೂ ನೋಡಬೇಕು."

"ಬೀದರ ಬಸ್ಸು ಹೊರಡೂ ಹೊತ್ತಾತ್ರಿ," ಅಂದರು ಬಕ್ಕಪ್ಪನವರು.

"ಹೋಗ್ಲಿ. ಈ ಬಾಯಿದು ಖಾಯಂ ಕಾಗದ ಎಲ್ಲದ? ತರ್ರಿ ಇಲ್ಲಿ."

ಬಕ್ಕಪ್ಪನವರು ಓಡಿ ಹೋಗಿ ಕಾಗದ ತಂದರು. ಸಾಹೇಬರು ಅದನ್ನು ಮೊಣಕಾಲ ಮೇಲಿಟ್ಟು ಪೆನ್ನಿನ ಟೋಪಿ ಬಿಚ್ಚಿ ಸಹಿ ಹಾಕಿದರು. ಶಿವರಾಜಪ್ಪ ಸಂತೋಷ ತಡೆಯಲಾರದೆ, "ಗುರಮ್ಮವ್ವ, ನೋಡಿಲ್ಲಿ, ಸಹಿ ಆತು!" ಎಂದು ಕೂಗಿದ.

"ತಡೀರಿ ಮಾಸ್ತರ್ರ," ಎಂದಳು ಗುರಮ್ಮ. ಸೌಟಿನ ಪುಡಿ ಅಂಚಿನಿಂದ ಹಳದಿಯಾಗತೊಡಗಿತ್ತು. ಅವಳು ತಲೆಯೆತ್ತಲಿಲ್ಲ.