ಗಣಿ ರಸ್ತೆಯ ಹನ್ನೊಂದು ಮೈಲಿ

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮರ್ನಾ ಅಡುಗೆಮನೆಯ ಮೇಜಿನ ಮೇಲೆ ಅರಣ್ಯ ಇಲಾಖೆಯ ನಕ್ಷೆ ಹರವಿಕೊಂಡು ಕೂತಿದ್ದಳು. ಅಮೆರಿಕದ ಐಡಹೊ ರಾಜ್ಯದ ಆ ಬೆಟ್ಟಗಳಲ್ಲಿ ಹಿಮ ಕರಗಲು ಇನ್ನೂ ಮೂರು ತಿಂಗಳಿತ್ತು. ಗಂಡನ ಗೆಳೆಯ ಗಾರ್ತ್ ಬೂಟು ಬಿಚ್ಚಿ ಒಳಗೆ ಬಂದ ಕೂಡಲೇ ಮಾಂಸದ ಸಾರಿನ ಬಟ್ಟಲನ್ನು ಅವನತ್ತ ಸರಿಸಿದಳು.

"ತಿಂತಾ ಹೇಳು. ಊರು ಬಿಟ್ಮೇಲೆ ಮುಂದಿನ ಪೆಟ್ರೋಲ್ ಬಂಕ್ ಎಷ್ಟು ದೂರ?"

"ನೂರ ನಲವತ್ತು ಮೈಲಿ. ನಿನ್ ಬೈಕಿನ ಟ್ಯಾಂಕು ಸಾಲಲ್ಲ. ಹಿಂದೆ ಒಂದು ಕ್ಯಾನ್ ಕಟ್ಕೋಬೇಕು."

"ಪಂಕ್ಚರ್ ಹಾಕೋದು ಕಲ್ತಿದೀನಿ, ಹಾಗೆ ನೋಡ್ಬೇಡ. ನಿನಗಿಂತ ಬೇಗ ಹಾಕ್ತೀನಿ."

ಅವಳ ಗಂಡ ಡ್ವೈಟ್ ಮತ್ತು ಗಾರ್ತ್ ಇಪ್ಪತ್ತೆರಡು ವರ್ಷ ಒಟ್ಟಿಗೆ ಬೈಕಿನಲ್ಲಿ ಬೆಟ್ಟ ಸುತ್ತಿದವರು. ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಹಳೆಯ ಗಣಿ ರಸ್ತೆಯ ಅಂಚು ಕುಸಿದು ಡ್ವೈಟ್ ಬೈಕಿನ ಸಮೇತ ಕಣಿವೆಗೆ ಬಿದ್ದ. ಅಲ್ಲಿಯವರೆಗೆ ಬೈಕ್ ಹತ್ತಿಯೇ ಗೊತ್ತಿರದ ಮರ್ನಾ ಐವತ್ತಾರನೆಯ ವಯಸ್ಸಿನಲ್ಲಿ ಲೈಸೆನ್ಸ್ ಪಡೆದಳು. ಜಲ್ಲಿಯ ಮೇಲೆ ಬಿದ್ದೆದ್ದು ಕಲಿತಳು, ಒಮ್ಮೆ ಮಣಿಕಟ್ಟನ್ನೂ ಮುರಿದುಕೊಂಡಳು. ಅವನು ಸತ್ತ ಜಾಗಕ್ಕೆ ತಾನೇ ಬೈಕಿನಲ್ಲಿ ಹೋಗಬೇಕು ಎನ್ನುವುದೊಂದೇ ಹಟ. ಆ ಜಾಗ ತೋರಿಸಬಲ್ಲವನು ಗಾರ್ತ್ ಒಬ್ಬನೇ.

ಮರ್ನಾಳ ಬೆರಳು ನಕ್ಷೆಯಲ್ಲಿ ದಾರಿ ಕವಲೊಡೆಯುವಲ್ಲಿ ನಿಂತಿತು. "ಇಲ್ಲೇ ಅಲ್ವಾ ಅವನು ಅಡ್ಡದಾರಿ ಹಿಡಿಯೋಣ ಅಂದಿದ್ದು?"

ಗಾರ್ತ್ ಚಮಚ ಕೆಳಗಿಟ್ಟ.

"ಹನ್ನೊಂದು ಮೈಲಿ ಉಳಿಸೋಕೆ ಹೋಗಿ ಪ್ರಾಣ ಕಳ್ಕೊಂಡ," ಎಂದಳು. "ಎರಡು ವರ್ಷದಿಂದ ಅವನ ಫೋಟೋ ನೋಡಿದ್ರೆ ಸಿಟ್ಟೇ ಬರುತ್ತೆ. ಅಲ್ಲಿಗೆ ಹೋಗಿ ಬಾಯ್ತುಂಬ ಬೈದು ಬರ್ತೀನಿ. ಆಮೇಲಾದ್ರೂ ಅಳು ಬರುತ್ತೇನೋ."

ಅಂದು ವಿಚಾರಿಸಲು ಬಂದ ಪೊಲೀಸರ ಮುಂದೆ ತನ್ನ ಬಾಯಿಗೆ ಬಂದ ಸುಳ್ಳೊಂದು ಈ ಮನೆಯಲ್ಲಿ ಇಷ್ಟು ಆಳಕ್ಕೆ ಬೇರು ಬಿಟ್ಟಿದೆಯೆಂದು ಗಾರ್ತ್‌ಗೆ ತಿಳಿದಿರಲಿಲ್ಲ.

"ಮರ್ನಾ, ಆ ದಾರಿ ಹಿಡಿಯೋಣ ಅಂದಿದ್ದು ನಾನು."

ಅವಳು ತಲೆಯೆತ್ತಿದಳು.

"ನನ್ ಬೈಕಲ್ಲಿ ಪೆಟ್ರೋಲ್ ಮುಗೀತಾ ಬಂದಿತ್ತು. ಡ್ವೈಟ್ ಬೇಡ ಅಂದ. ಮಳೆ ಬಂದಿದೆ, ಅಂಚು ಮೆತ್ತಗಿರುತ್ತೆ, ಬಳಸಿ ಹೋಗೋಣ, ನಿನ್ ಬೈಕ್ ನಿಂತ್ರೆ ಹಗ್ಗ ಕಟ್ಟಿ ಎಳೀತೀನಿ ಅಂದ. ನಾನು ಅವನಿಗೆ ಹೆದರುಪುಕ್ಕಲ ಅಂದೆ. ನಗ್ತಾ ಆ ದಾರೀಲೇ ಮುಂದೆ ಹೋದ."

ಮರ್ನಾ ಎದ್ದು, ಅರ್ಧ ಉಳಿದಿದ್ದ ಬಟ್ಟಲನ್ನು ಅವನ ಮುಂದಿನಿಂದ ತೆಗೆದಳು.

"ಮನೆಗೆ ಹೋಗು."

ನಾಲ್ಕು ತಿಂಗಳು ಅವಳಿಂದ ಸುದ್ದಿಯಿರಲಿಲ್ಲ. ಜುಲೈ ಎರಡನೆಯ ವಾರ ಫೋನ್ ಬಂತು. "ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡ್ತೀನಿ. ಜಾಗ ತೋರಿಸು. ದಾರೀಲಿ ಮಾತಾಡಿಸ್ಬೇಡ."

ಅವನು ಮುಂದೆ, ಅವಳು ಹಿಂದೆ. ಮರಳಿನಲ್ಲಿ ಒಮ್ಮೆ ಬಿದ್ದಳು. ಎತ್ತಲು ಓಡಿಬಂದವನನ್ನು ಕೈಸನ್ನೆಯಲ್ಲೇ ತಡೆದು, ಬೈಕನ್ನು ತಾನೇ ನಿಲ್ಲಿಸಿಕೊಂಡಳು.

ಆ ಜಾಗ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಕುಸಿದ ಅಂಚಿನ ಮೇಲೆ ಹುಲ್ಲು ಬೆಳೆದಿತ್ತು. ಮರ್ನಾ ಹೆಲ್ಮೆಟ್ ತೆಗೆದು ನೆಲದ ಮೇಲೆ ಕೂತಳು. ದೂರದಲ್ಲಿ ನಿಂತ ಗಾರ್ತ್‌ಗೆ ಮಾತುಗಳು ತುಂಡುತುಂಡಾಗಿ ಕೇಳಿದವು. "ನಿನ್ನ ಅಂಗಿಗಳನ್ನೆಲ್ಲ ಸಿಟ್ಟಲ್ಲಿ ಯಾರ್ಯಾರಿಗೋ ಕೊಟ್ಬಿಟ್ಟೆ ಕಣೋ... ಒಂದೂ ಇಟ್ಕೊಳ್ಲಿಲ್ಲ." ಆಮೇಲೆ ಬರಿಯ ಅಳು ಕೇಳಿತು. ಎರಡು ವರ್ಷದ ಅಳು.

ಎದ್ದು ಬಂದವಳ ಮುಖ ಬಾತುಕೊಂಡಿತ್ತು. "ಕ್ಷಮಿಸ್ದೆ ಅನ್ನೋಕೆ ಬಾಯಿ ಬರ್ತಿಲ್ಲ ಗಾರ್ತ್. ಮುಂದೆ ಯಾವತ್ತಾದ್ರೂ ಬರುತ್ತೋ, ಅದೂ ಗೊತ್ತಿಲ್ಲ. ವಾಪಸ್ ನಾನೊಬ್ಳೇ ಹೋಗ್ತೀನಿ."

"ಮೊದಲ್ನೇ ತಿರುವಲ್ಲಿ ಜಲ್ಲಿ ಸಡಿಲ ಇದೆ. ಮುಂದಿನ ಚಕ್ರದ ಬ್ರೇಕ್ ಮುಟ್ಬೇಡ."

"ಗೊತ್ತು."

ಅವಳು ಇಳಿದು ಹೋದಳು. ಗಾರ್ತ್ ಅಲ್ಲೇ ನಿಂತು, ತಿರುವಿನಿಂದ ತಿರುವಿಗೆ ಆ ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದ. ಸದ್ದು ಕೆಳಗಿನ ಹೊಳೆಯ ಬಯಲನ್ನು ಸೇರಿತೆಂದು ಖಾತ್ರಿಯಾದ ಮೇಲೆಯೇ ಅವನು ಒಂದು ಬಂಡೆಯ ಮೇಲೆ ಕೂತ.