ಮೂರು ರೇಡಿಯೋ, ನಾಲ್ಕು ಕವಡೆ

"ಇನ್ನೊಂದು ರೇಡಿಯೋ ಈ ಹೊಸಲು ದಾಟಿ ಒಳಗೆ ಬಂದ್ರೆ, ನಿನ್ನಾಣೆ ಕೂಸೇ, ತಗೊಂಡ್ಹೋಗಿ ಬಾವಿಗೆ ಹಾಕ್ತೀನಿ," ಎಂದಳು ದೊಡ್ಡಮ್ಮ.

ಪಡಸಾಲೆಯ ಗೋಡೆಯ ಹಲಗೆಯ ಮೇಲೆ ಆಗಲೇ ಮೂರು ರೇಡಿಯೋಗಳು ಕುಳಿತಿದ್ದವು. ಮೂರಕ್ಕೂ ದೊಡ್ಡಮ್ಮನೇ ಹೆಣೆದ ದಾರದ ಗವಸು. ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಬಂದು, ತಲೆ ತುಂಬ ಸೆರಗು ಹೊದ್ದು, ಮಾತಾಡಿಸುವ ತನಕ ಬಾಯಿ ಬಿಡದೆ ಕೂತ ಮೂವರು ಹೆಂಗಸರ ಹಾಗೆ ಕಾಣುತ್ತಿದ್ದವು. ಮೊದಲನೆಯದು ಮಗ ನಾಗಭೂಷಣಣ್ಣ ತಂದದ್ದು. ಎರಡನೆಯದು ಅಳಿಯಂದಿರದು. ಮೂರನೆಯದನ್ನು ಪೇಟೆಯ ಬಟ್ಟೆ ಅಂಗಡಿಯವರೆಲ್ಲ ಸೇರಿ, ಹಾರ ಹಾಕಿ ಕೊಟ್ಟಿದ್ದರು. ಕಣ್ಣು ಹೋದ ಮನುಷ್ಯನಿಗೆ ಕಿವಿಗೇನಾದರೂ ಕೊಡಬೇಕೆಂದು ಎಲ್ಲರಿಗೂ, ಒಬ್ಬರನ್ನೊಬ್ಬರು ಕೇಳದೆಯೇ ಹೊಳೆದುಬಿಟ್ಟಿತ್ತು.

ಕೊಟ್ಟವರು ಮನೆಗೆ ಬಂದಾಗ ಅವರವರ ರೇಡಿಯೋವನ್ನೇ ಹಾಕಬೇಕಲ್ಲ? ದೊಡ್ಡಮ್ಮ ಅದನ್ನು ತಪ್ಪದೆ ಮಾಡುತ್ತಿದ್ದಳು. ಒಮ್ಮೆ ಮಗನೂ ಅಳಿಯನೂ ಒಟ್ಟಿಗೆ ಬಂದುಬಿಟ್ಟರು. ಯಾರಿಗೂ ಬೇಜಾರಾಗಬಾರದೆಂದು ಅವಳು ಎರಡನ್ನೂ ಹಾಕಿದಳು. ಒಂದರಲ್ಲಿ ಯಾರೋ ರಾಗಿ ಪೈರಿಗೆ ಗೊಬ್ಬರ ಹಾಕುವ ಬಗೆ ಹೇಳುತ್ತಿದ್ದರು, ಇನ್ನೊಂದರಲ್ಲಿ ಸಂಗೀತ. ನಡುವೆ ಮಂಚದ ಮೇಲೆ ಕುಳಿತಿದ್ದ ದೊಡ್ಡಪ್ಪ, "ಗೊಬ್ಬರಾನ ಇಷ್ಟು ರಾಗವಾಗಿ ಹಾಕಿದ್ರೆ ಪೈರು ಬರದೆ ಏನ್ಮಾಡ್ತದೆ?" ಎಂದರು. ನಾವೆಲ್ಲ ನಕ್ಕೆವು. ಆಮೇಲೆ ಬಹಳ ದಿನ ಅವರು ನಗಿಸುವ ಮಾತಾಡಲಿಲ್ಲ.

ನನ್ನ ದೊಡ್ಡಪ್ಪ ಗುರುಶಾಂತಪ್ಪನವರದು ಬಟ್ಟೆ ವ್ಯಾಪಾರ. ಅವರ ಅಂಗಡಿಗೆ ಜನ ಬಟ್ಟೆಗೆ ಎಷ್ಟು ಬರುತ್ತಿದ್ದರೋ ಚೌಕಾಸಿಯ ಸುಖಕ್ಕೂ ಅಷ್ಟೇ ಬರುತ್ತಿದ್ದರು. ಹೆಂಗಸರು ಬೇಡವೆಂದು ಎದ್ದುಹೋದ ಹಾಗೆ ಮಾಡುವರು. ಇವರು ಹೋದರೆ ಹೋಗಲಿ ಎಂಬಂತೆ ಸೀರೆ ಮಡಚುವರು. ಅವರು ಕೊನೆಯ ಮೆಟ್ಟಿಲು ಇಳಿಯುವಾಗ, "ಅಮ್ಮಾ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ," ಎಂದು ಕರೆಯುವರು. ತಂದೆ ತಾಯಿ ಇಲ್ಲದ ನನ್ನನ್ನು ಆ ಅಂಗಡಿಯ ಥಾನುಗಳ ನಡುವೆಯೇ ಸಾಕಿದರು. ಓದು ನನಗೆ ಅಷ್ಟಕ್ಕಷ್ಟೆ. ಅದೇ ಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕುಳಿತೆ.

ಕಣ್ಣು ಮೆಲ್ಲಗೆ, ಸಂಜೆಯಾದಂತೆ ಹೋಯಿತು. ಅದಕ್ಕೆ ದೊಡ್ಡಪ್ಪ ಅಷ್ಟೇನೂ ಕುಗ್ಗಲಿಲ್ಲ. ಗೋಡೆ ಹಿಡಿದು ಓಡಾಡುವುದು ಕಲಿತರು, ತಟ್ಟೆಯಲ್ಲಿ ಪಲ್ಯ ಯಾವ ಕಡೆ, ಉಪ್ಪಿನಕಾಯಿ ಯಾವ ಕಡೆ ಎಂದು ತಿಳಿದುಕೊಂಡರು. ಒಂದು ಬೆಳಿಗ್ಗೆ ಮಾತ್ರ ನನಗೆ ಅರ್ಥವಾಗದ್ದೊಂದು ನಡೆಯಿತು. ಸೊಪ್ಪು ಮಾರುವ ಪುಟ್ಟಮಾದಿ ಬಾಗಿಲಿಗೆ ಬಂದಿದ್ದಳು. ಅವಳಿಗೂ ದೊಡ್ಡಪ್ಪನಿಗೂ ಒಂದು ಕಂತೆ ಸೊಪ್ಪಿಗೆ ಇಡೀ ಬೀದಿ ಕೇಳುವಷ್ಟು ಜಗಳ ಆಗುತ್ತಿದ್ದ ಕಾಲವಿತ್ತು. ಅವತ್ತು ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಇದೇನು ಸೊಪ್ಪೇನೇ, ಹುಲ್ಲೇನೇ?" ಎಂದು ಶುರುಮಾಡಿದರೆ ಅವಳು, "ನೀವು ಕೊಟ್ಟಷ್ಟು ಕೊಡಿ ಬುದ್ಧಿ, ಪಾಪ," ಎಂದು ಮೇಲೊಂದು ಕಂತೆ ಅವರ ಕೈಗಿಟ್ಟು ಹೊರಟುಹೋದಳು. ದೊಡ್ಡಪ್ಪ ಎರಡು ಕೈಯಲ್ಲೂ ಸೊಪ್ಪು ಹಿಡಿದು ಸುಮಾರು ಹೊತ್ತು ಬಾಗಿಲಲ್ಲೇ ನಿಂತಿದ್ದರು.

ಅದಾದ ಕೆಲವು ದಿನಕ್ಕೆ, "ನನ್ನ ಮಂಚಾನ ಹಿತ್ತಲ ಕೋಣೆಗೆ ಹಾಕ್ಬಿಡಿ. ಇಲ್ಲಿ ಬರೋ ಹೋಗೋರಿಗೆಲ್ಲ ಅಡ್ಡ," ಎಂದರು.

ದೊಡ್ಡಮ್ಮ, "ಯುಗಾದಿ ಕಳೀಲಿ," ಎಂದು ಆ ಮಾತನ್ನು ಮುಂದೂಡಿದಳು. ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ನಮ್ಮತ್ತೆ ಮಂಚಾನೂ ಆ ಕೋಣೆಗೇ ಹೋಯ್ತು, ಅವರ ಮಾವನದೂ ಅಲ್ಲಿಗೇ ಹೋಗಿತ್ತಂತೆ. ಹೋದ ಮಂಚ ತಿರುಗಿ ಪಡಸಾಲೆಗೆ ಬಂದಿದ್ದು ನಾನು ನೋಡಿಲ್ಲ ಕಣೇ. ಏನಾದ್ರೂ ಮಾಡು. ಹಬ್ಬಕ್ಕೆ ಅಂತ ಏನಾದ್ರೂ ತಂದ್ಕೊಡು, ಮನಸ್ಸು ಈ ಕಡೆ ತಿರುಗೋ ಅಂಥದ್ದು." ಆಗಲೇ ಅವಳು ರೇಡಿಯೋ ಬಾವಿಗೆ ಹಾಕುವ ಆಣೆ ಇಟ್ಟದ್ದು.

ನಾನು ಅಂಗಡಿ ಬೀದಿಯನ್ನೆಲ್ಲ ಸುತ್ತಿದೆ. ಶಾಲು ನೋಡಿದೆ, ಬೆಳ್ಳಿ ಹಿಡಿಯ ಕೋಲು ನೋಡಿದೆ, ಒತ್ತಿದರೆ ಕೋಗಿಲೆಯಂತೆ ಕೂಗುವ ಗಡಿಯಾರ ನೋಡಿದೆ. ಎಲ್ಲವೂ ಕಾಯಿಲೆಯವರನ್ನು ನೋಡಲು ಹೋಗುವಾಗ ಒಯ್ಯುವ ಕಿತ್ತಳೆಹಣ್ಣಿನ ಹಾಗೆ ತೋರಿದವು. ಬರಿಗೈಲಿ ವಾಪಸಾಗುವಾಗ ಒಂದು ಜಗಲಿಯ ಮೇಲೆ ಇಬ್ಬರು ಮುದುಕಿಯರು ಚೌಕಾಬಾರ ಆಡುತ್ತಿದ್ದರು. ಕವಡೆ ಬಿದ್ದ ಸದ್ದಿಗೆ ನನ್ನ ಕಾಲು ನಿಂತಿತು.

ನಮ್ಮೂರಲ್ಲಿ ಯುಗಾದಿಯ ದಿನ ಹೋಳಿಗೆ ಉಂಡ ಮೇಲೆ ಚೌಕಾಬಾರದ ಮನೆ ಬರೆಯದ ಪಡಸಾಲೆಯೇ ಇರಲಿಲ್ಲ. ದೊಡ್ಡಪ್ಪನ ಆಟವೆಂದರೆ ನೋಡಲು ಜನ ಸೇರುತ್ತಿದ್ದರು. ಅಷ್ಟು ಬೈಗುಳ, ಅಷ್ಟು ನಗು. ಕಣ್ಣು ಮಂಜಾದ ಮೇಲೆ ಸೀಮೆಸುಣ್ಣದ ಗೆರೆ ಕಾಣದೆ ಆಟ ಬಿಟ್ಟಿದ್ದರು. ಗೆರೆ ಕಾಣದಿದ್ದರೇನು, ಕೈಗೆ ಸಿಕ್ಕಿದರೆ ಸಾಲದೆ?

ಹಳೆಯ ಜಮಖಾನದ ಒಂದು ಚೌಕ ಕತ್ತರಿಸಿ, ಗೆರೆಗಳಿಗೆಲ್ಲ ದಪ್ಪ ಹುರಿ ಇಟ್ಟು ಹೊಲಿದೆ. ಒಂದೊಂದು ಮನೆಯೂ ಪುಟ್ಟ ತಟ್ಟೆಯ ಹಾಗಾಯಿತು. ಬೆರಳು ತಗುಲಿದರೂ ಕಾಯಿ ಜಾರದು. ಕಾಯಿ ಕಡಿಯಲಾಗದ ಕಟ್ಟೆಮನೆಗಳಿಗೆ ದಾರದ ಗಂಟುಗಳಲ್ಲಿ ಅಡ್ಡಗೆರೆ ಹಾಕಿದೆ. ದೊಡ್ಡಪ್ಪನಿಗೆ ಹುಣಸೆಬೀಜದ ಕಾಯಿ, ಎದುರಿನವರಿಗೆ ಅಂಗಿಯ ಗುಂಡಿ. ಕವಡೆ ದೊಡ್ಡಮ್ಮನ ಪೆಟ್ಟಿಗೆಯಲ್ಲೇ ಇದ್ದವು, ಅವಳ ತವರಿನವು.

ಹಬ್ಬಕ್ಕೆ ಇನ್ನೂ ದಿನವಿರುವಾಗಲೇ ಕೊಟ್ಟೆ. ದೊಡ್ಡಪ್ಪ ಹಾಸಿನ ಮೇಲೆ ಅಂಗೈ ಆಡಿಸಿದರು. ಬೆರಳು ಒಂದು ಗೆರೆ ಹಿಡಿದು ಹೋಯಿತು, ಮೂಲೆ ತಿರುಗಿತು, ಗಂಟಿನ ಮೇಲೆ ನಿಂತಿತು. "ಕಟ್ಟೆ," ಎಂದರು. ಆಮೇಲೆ ಒಳಸುತ್ತು ದಾಟಿ ನಡುಮನೆಗೆ ಬಂದು ಅಲ್ಲೇ ಬೆರಳೂರಿ, "ಬಾರೇ, ಯಾರು ಬರ್ತೀರೋ ಬನ್ರೇ!" ಎಂದರು. ದೊಡ್ಡಮ್ಮ ಕಣ್ಣೊರೆಸಿಕೊಂಡು ಎದುರು ಕುಳಿತಳು.

ಮೊದಲ ಆಟ ದೊಡ್ಡಪ್ಪ ಗೆದ್ದರು. ಎರಡನೆಯದನ್ನೂ ಗೆದ್ದರು. ನಾಗಭೂಷಣಣ್ಣನನ್ನು ಗೆದ್ದರು, ನನ್ನನ್ನು ಗೆದ್ದರು, ಅಳಿಯಂದಿರು ಬಂದಾಗ ಅವರನ್ನೂ ಗೆದ್ದರು. ಪ್ರತಿ ಸಲ ನಾವು ಚಪ್ಪಾಳೆ ತಟ್ಟಿದೆವು. ಗೆಲ್ಲದೆ ಏನು? ಮೂರು ಬಿದ್ದರೆ ದೊಡ್ಡಮ್ಮ ಎರಡೇ ನಡೆಸುತ್ತಿದ್ದಳು. ನಾಗಭೂಷಣಣ್ಣ ಅಪ್ಪನ ಕಾಯಿ ಕಡಿಯುವ ದಾರಿ ಎದುರಿಗಿದ್ದರೂ ಬೇರೆ ಕಾಯಿ ಸರಿಸುತ್ತಿದ್ದ. ನಾನೇನು ಕಮ್ಮಿ? ಕಡಿಯಬೇಕಾದ ಕಡೆ ಕೆಮ್ಮುತ್ತ ಮುಂದೆ ಹೋಗುತ್ತಿದ್ದೆ. ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಮಾಡಿದ್ದೆವು, ಮೂರು ರೇಡಿಯೋ ತಂದ ಹಾಗೆ.

ಒಂದು ಸಂಜೆ ದೊಡ್ಡಪ್ಪ ನಡುವೆಯೇ ಕೈ ತೆಗೆದರು. "ಎತ್ತಿಡು ಕೂಸೇ. ಹೊಲಿಗೆ ಚೆನ್ನಾಗಿದೆ." ಮಗನ ಕಡೆ ತಿರುಗಿ, "ಮಂಚದ ವಿಷಯ ಮರೀಬೇಡ ಭೂಷಣ. ಹಬ್ಬದ ಸಂಜೆಗೇ ಹಾಕ್ಸು," ಎಂದರು.

ಯುಗಾದಿ ಬಂತು. ಬೇವು ಬೆಲ್ಲ ತಿಂದೆವು, ಹೋಳಿಗೆ ಉಂಡೆವು. ಹಾಸು ಮಡಚಿದ ಹಾಗೆಯೇ ಹಲಗೆಯ ಮೇಲೆ ರೇಡಿಯೋಗಳ ಪಕ್ಕದಲ್ಲಿತ್ತು. ಸುಮ್ಮನಿರಲಾಗದೆ ದೊಡ್ಡಮ್ಮ ಮಧ್ಯದ ರೇಡಿಯೋ ಹಾಕಿದ್ದಳು. ಆಗ ಹೋಳಿಗೆ ಸಾರಿನ ತಪ್ಪಲೆ ಹಿಡಿದು ಪಕ್ಕದ ಮನೆಯ ಕೆಂಪಾಜಮ್ಮ ಬಂದಳು. ಕೆಂಪಾಜಮ್ಮ ಬಂದರೆ ಅವಳ ದನಿ ಎರಡು ಹೆಜ್ಜೆ ಮುಂದೆ ಬರುತ್ತಿತ್ತು.

"ಏನ್ ಅಕ್ಕಯ್ಯ, ಹಬ್ಬದ ಮಧ್ಯಾಹ್ನ ಸಾವ್ಕಾರ್ರು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗವ್ರೆ? ಕವಡೆ ಎಲ್ಲಿ? ಏಳಿ ಸಾವ್ಕಾರ್ರೇ, ಒಂದಾಟ! ಹತ್ತು ಹೋಳಿಗೆ ಪಂದ್ಯ."

ದೊಡ್ಡಮ್ಮ ನನ್ನ ತೋಳು ಜಿಗುಟಿದಳು. ಕೆಂಪಾಜಮ್ಮನ ಕೈಚಳಕ ಬೀದಿಗೇ ಗೊತ್ತಿತ್ತು. ಹಿಂದೊಮ್ಮೆ ಸೀರೆಯ ನೆರಿಗೆಯಲ್ಲಿ ಕವಡೆ ಬಚ್ಚಿಟ್ಟು ಸಿಕ್ಕಿಬಿದ್ದವಳು. ಇವಳ ಜೊತೆ ಆಡುವುದೂ ಒಂದೇ, ಕಳ್ಳನ ಕೈಗೆ ಬೀಗದ ಕೈ ಕೊಡುವುದೂ ಒಂದೇ ಎಂದು ದೊಡ್ಡಪ್ಪನೇ ಹೇಳುತ್ತಿದ್ದರು. "ಅವರಿಗೆ ಆಯಾಸ ಕಣಮ್ಮ," ಎಂದು ದೊಡ್ಡಮ್ಮ ಹೇಳುವುದರೊಳಗೆ ದೊಡ್ಡಪ್ಪ ಎದ್ದು ಕುಳಿತಿದ್ದರು.

"ನಿನ್ನ ಹತ್ತು ಹೋಳಿಗೆ ಯಾರಿಗೆ ಬೇಕು? ಹೂರಣ ಇರಲ್ಲ, ಬರೀ ಕಣಕ. ಆದ್ರೂ ಹಾಸೇ ಕೂಸೇ."

ಆಟ ಶುರುವಾಯಿತು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೆಂದು ಎಸೆದವರು ತಾವೇ ಕೂಗಿ, ಅಷ್ಟು ಮನೆ ನಡೆಸುವುದು ವಾಡಿಕೆ. ಕೆಂಪಾಜಮ್ಮ ಎಸೆದಳು. ಮೂರು ಕವಡೆ ಬಾಯಿ ಮೇಲಾಗಿ, ಒಂದು ಬೋರಲಾಗಿ ಬಿತ್ತು. "ಚೌಕ!" ಎಂದು ಕೂಗಿ ಧಾರಾಳವಾಗಿ ನಾಲ್ಕು ಮನೆ ನಡೆಸಿದಳು. ನಾನು ದೊಡ್ಡಮ್ಮನನ್ನು ನೋಡಿದೆ. ದೊಡ್ಡಮ್ಮನ ಬಾಯಿ ತೆರೆದೇ ಇತ್ತು.

ದೊಡ್ಡಪ್ಪ ತಲೆ ವಾಲಿಸಿ, "ಆ ರೇಡಿಯೋ ನಿಲ್ಸು," ಎಂದರು.

ನಿಲ್ಲಿಸಿದೆ. ಚೌಕ ಬಿದ್ದವರಿಗೆ ಇನ್ನೊಂದು ಎಸೆತ. ಕೆಂಪಾಜಮ್ಮ ಮತ್ತೆ ಎಸೆದಳು. ಮತ್ತೆ ಮೂರೇ. "ಅಹಾ, ಇನ್ನೊಂದು ಚೌಕ! ಇವತ್ತು ಯಾರ ಮುಖ ನೋಡಿ ಎದ್ನೋ..." ಎನ್ನುತ್ತ ಕವಡೆ ಬಾಚಲು ಹೋದವಳ ಕೈ ಮೇಲೆ ದೊಡ್ಡಪ್ಪನ ಕೈ ಬಿತ್ತು.

"ಕೈ ತೆಗಿ ಕೆಂಪಾಜಮ್ಮ. ಬಿದ್ದಿರೋದು ಮೂರು."

"ಯಾರು ಹೇಳಿದ್ದು?"

"ಕವಡೆನೇ ಹೇಳ್ತು. ಬಾಯಿ ಮೇಲಾಗಿ ಬಿದ್ದದ್ದು ತೊಟ್ಲಿನಂಗೆ ತೂಗ್ತದೆ, ಬೋರಲು ಬಿದ್ದದ್ದು ಬಿದ್ದಲ್ಲೇ ಮಲಗ್ತದೆ. ಮೂರು ತೂಗಿದ್ವು, ಒಂದು ಮಲಗ್ತು." ಒಂದೊಂದನ್ನೇ ಬೆರಳಿನಿಂದ ಮುಟ್ಟಿ ತೋರಿಸಿದರು. "ಮೊದಲನೇ ಸಲಾನೂ ಮೂರೇ. ರೇಡಿಯೋ ಗಲಾಟೆಲಿ ಸ್ವಲ್ಪ ಅನುಮಾನ ಇತ್ತು, ಅದಕ್ಕೇ ನಿಲ್ಸು ಅಂದೆ. ಒಂದು ಮನೆ ಹಿಂದಕ್ಕಿಡು, ಕಳ್ಳಿ."

ಅಷ್ಟು ಹೊತ್ತಿಗೆ ದೊಡ್ಡಮ್ಮನಿಗೆ ದನಿ ಬಂದಿತ್ತು. "ಥೂ, ಕಣ್ಣು ಕಾಣದೋರ ಹತ್ರ ಮೋಸ ಮಾಡ್ತೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?"

"ಕಣ್ಣು ಕಾಣ್ತಿದ್ದಾಗ್ಲೂ ನಾನು ಮಾಡಿವ್ನಲ್ಲ ಅಕ್ಕಯ್ಯ, ಆಗ್ಯಾಕೆ ಸುಮ್ನಿದ್ರಿ?" ಎಂದಳು ಕೆಂಪಾಜಮ್ಮ.

ದೊಡ್ಡಪ್ಪ ನಕ್ಕರು. ಮೊದಲು ಹೆಗಲು ಕುಲುಕಿತು, ಆಮೇಲೆ ಹೊಟ್ಟೆ, ಕೊನೆಗೆ ಮೆಟ್ಟಿಲ ಮೇಲಿನ ಗಿರಾಕಿಯನ್ನು ಕರೆಯುತ್ತಿದ್ದ ಆ ದೊಡ್ಡ ದನಿ ಹೊರಗೆ ಬಂತು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಪಂಚೆಯ ಚುಂಗಿನಿಂದ ಒರೆಸಿಕೊಂಡು, ನಮ್ಮ ಕಡೆ ಮುಖ ತಿರುಗಿಸಿದರು.

"ಅವಳನ್ನ ಬೈಯೋಕೆ ನೀವೇನು ಸಾಚಾಗಳಾ? ಮೂರು ಬಿದ್ರೆ ಎರಡು ನಡೆಸೋಳು ಯಾರು? ಕಾಯಿ ಕಡಿಯೋ ಜಾಗದಲ್ಲಿ ಕೆಮ್ಮೋಳು ಯಾರು? ಇವಳು ಮಾಡಿದ್ದು ಗೆಲ್ಲೋ ಮೋಸ, ಕೈ ಹಿಡ್ಕೊಂಡೆ, ಬೈದೆ, ಮುಗೀತು. ನೀವು ಮಾಡಿದ್ದು ಸೋಲೋ ಮೋಸ. ಅದನ್ನ ಏನಂತ ಹಿಡೀಲಿ ನಾನು? ಯಾರನ್ನ ಬೈಲಿ?"

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ, ಯಾಕೋ, ಬಾಗಿಲಲ್ಲಿ ಎರಡು ಕೈ ತುಂಬ ಸೊಪ್ಪು ಹಿಡಿದು ನಿಂತಿದ್ದ ದೊಡ್ಡಪ್ಪ ನೆನಪಾದರು.

ಆ ಆಟದಲ್ಲಿ ಕೆಂಪಾಜಮ್ಮ ಸೋತಳು. ಇನ್ನೂ ಮೂರು ಸಲ ಮೋಸ ಮಾಡಿ, ಮೂರು ಸಲವೂ ಸಿಕ್ಕಿಬಿದ್ದು ಸೋತಳು. ಪಂದ್ಯದ ಹೋಳಿಗೆ ತರುವ ಬದಲು ನಮ್ಮ ಮನೆಯದನ್ನೇ ಎರಡು ತಿಂದು, "ಸೋತೋರಿಗೂ ಹೊಟ್ಟೆ ಇರ್ತದಲ್ಲ," ಎಂದು ಕಂಬಕ್ಕೆ ಒರಗಿದಳು.

"ನೀನು ಬಾರೇ ಕೂಸೇ," ಎಂದರು ದೊಡ್ಡಪ್ಪ.

ಕುಳಿತೆ. ಆಟ ಬಹಳ ಬಿಗಿಯಾಗಿ ನಡೆಯಿತು. ದೊಡ್ಡಪ್ಪನ ಮೂರು ಕಾಯಿ ಆಗಲೇ ನಡುಮನೆ ಸೇರಿ ಹಣ್ಣಾಗಿದ್ದವು. ಉಳಿದದ್ದು ಒಂದೇ ಹುಣಸೆಬೀಜ. ಅದೂ ಒಳಸುತ್ತಿನಲ್ಲಿ, ಹಣ್ಣಾಗಲು ಇನ್ನೊಂದೇ ಮನೆ. ನನ್ನ ಗುಂಡಿ ಅದರ ಹಿಂದೆ ಎರಡು ಮನೆ ದೂರದಲ್ಲಿತ್ತು. ಎಸೆದೆ. ಎರಡು ತೂಗಿದವು, ಎರಡು ಮಲಗಿದವು.

ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದಳು. ಬೇಡ ಕಣೇ ಎಂದು ಅವಳ ಕಣ್ಣು ಬೇಡುತ್ತಿತ್ತು. ನನಗೆ ಕೆಮ್ಮು ಬರುವ ಹಾಗಿತ್ತು. ಕೆಮ್ಮಲಿಲ್ಲ. ಗುಂಡಿಯನ್ನು ಎರಡು ಮನೆ ನಡೆಸಿ, ಹುಣಸೆಬೀಜವನ್ನು ಎತ್ತಿ ದೊಡ್ಡಪ್ಪನ ಅಂಗೈಯಲ್ಲಿಟ್ಟೆ.

"ಕಡಿದೆ ದೊಡ್ಡಪ್ಪ."

ಅವರ ಬೆರಳು ಹಾಸಿನ ಮೇಲೆ ಹೋಗಿ, ತಮ್ಮ ಕಾಯಿ ಇದ್ದ ಮನೆಯಲ್ಲಿ ನನ್ನ ಗುಂಡಿಯನ್ನು ಮುಟ್ಟಿ ನೋಡಿತು. ಮತ್ತೊಮ್ಮೆ ಮುಟ್ಟಿತು.

"ಅಯ್ಯೋ ನಿನ್ನ ಕೈ ಸೇದಿಹೋಗ! ಇನ್ನೊಂದೇ ಮನೆ ಇತ್ತಲ್ಲೇ! ಸಾಕಿ ಬೆಳೆಸಿದೋನ ಕಾಯೇ ಬೇಕಾಯ್ತೇನೇ ನಿಂಗೆ, ರಾಕ್ಷಸಿ?"

"ಯಾರು ಕಲಿಸಿದ ಆಟ?" ಎಂದೆ. ಕಡಿದದ್ದಕ್ಕೆ ಸಿಕ್ಕ ಎಸೆತದಲ್ಲಿ ನನಗೆ ಬರೀ ಒಂದು ಬಿತ್ತು. ದೊಡ್ಡಪ್ಪ ಆಗಲೇ ತೋಳು ಮೇಲೇರಿಸಿ, ಮಂಡಿ ಊರಿ, ಮುಂದಕ್ಕೆ ಬಾಗಿದ್ದರು.

ಹೊರಗಿನಿಂದ ನಾಗಭೂಷಣಣ್ಣ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. "ಅಪ್ಪಾ, ಮಂಚ ಎತ್ತಿಸ್ಲಾ?"

"ಸುಮ್ನೆ ಆ ಕಡೆ ನಿಂತ್ಕೊಳಯ್ಯ, ಆಟ ನಡೀತಿರೋದು ಕಾಣಲ್ವಾ?" ಎಂದರು ದೊಡ್ಡಪ್ಪ. "ಕವಡೆ ಕೊಡೇ ಇಲ್ಲಿ."

ಕೊಟ್ಟೆ. ಅವರು ಎರಡು ಕೈಯಲ್ಲೂ ಕುಲುಕಿ ಜೋರಾಗಿ ಎಸೆದರು. ಮೂರು ಕವಡೆ ಹಾಸಿನ ಮೇಲೆ ಬಿದ್ದವು. ನಾಲ್ಕನೆಯದು ನೆಲಕ್ಕೆ ಹಾರಿ, ಉರುಳುತ್ತ ಹೋಗಿ ಮಂಚದ ಕೆಳಗಿನ ಕತ್ತಲು ಸೇರಿತು. ಯಾರೂ ಬಗ್ಗಿ ನೋಡಲಿಲ್ಲ. ಹಲಗೆಯ ಮೇಲಿನ ಮೂರು ರೇಡಿಯೋಗಳೂ ಸೆರಗು ಹೊದ್ದು ಸುಮ್ಮನೆ ಕುಳಿತಿದ್ದವು. ದೊಡ್ಡಪ್ಪ ಒಂದು ಬೆರಳೆತ್ತಿ ನಮ್ಮನ್ನೆಲ್ಲ ತಡೆದು, ಆ ಕಡೆ ಕಿವಿ ವಾಲಿಸಿದರು. ಮಂಚದ ಕೆಳಗೆ ಕವಡೆ ಇನ್ನೂ ತೂಗುತ್ತಿತ್ತು.