ಕರಡಿಗೆ ಬಿಟ್ಟು ಹೋದ ಸಿಪಾಯಿ

ಗುಬ್ಬಿಯ ಪೇಟೆ ಬೀದಿಯಲ್ಲಿ ಪೊಲೀಸರು ಯಾರದಾದರೂ ಮನೆ ಹೊಕ್ಕರೆ ಆ ಮನೆಯವರು ಮೊದಲು ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಾರೆ. ಅಕ್ಕಪಕ್ಕದವರ ಕಣ್ಣಿಗೆ ಬೀಳಬಾರದಲ್ಲ. ಹಿಟ್ಟಿನ ಗಿರಣಿಯ ಕರಿಬಸಮ್ಮ ಮಾತ್ರ ಎರಡೂ ಬಾಗಿಲನ್ನು ಹಾರುಹೊಡೆದು, ಕಾನ್‌ಸ್ಟೇಬಲ್ ಕನಕರಾಜುವಿಗೆ ಕಾಫಿ ಕೊಟ್ಟು, ಅವನು ಅಟ್ಟ ಹತ್ತುವಾಗ ಏಣಿಯನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

“ಆ ಮೂಲೇಲಿ ಹಳೇ ಹಾಸಿಗೆ ಸುತ್ತಿಟ್ಟಿದೀನಿ, ಅದನ್ನೂ ಬಿಚ್ಚಿ ನೋಡಪ್ಪ,” ಎಂದು ಕೆಳಗಿನಿಂದ ಕೂಗಿದಳು.

ಕನಕರಾಜು ಬಿಚ್ಚಿ ನೋಡಿದ. ಹಾಸಿಗೆಯಿಂದ ಎರಡು ಜಿರಲೆ ಹೊರಬಂದವೇ ಹೊರತು ಸಿಪಾಯಿ ಬರಲಿಲ್ಲ. ಮಂಡಿ ನೋವಿನ ಆಸಾಮಿ ಅವನು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ದೇವರನ್ನು ಕರೆದ.

ಹುಡುಕಾಟ ನಡೆದಿದ್ದದ್ದು ಕರಿಬಸಮ್ಮನ ಮಗ ಉದಯಕುಮಾರನಿಗಾಗಿ. ಅವನು ಉತ್ತರದ ಕಡೆ ಒಂದು ಮಿಲಿಟರಿ ಕ್ಯಾಂಪಿನಲ್ಲಿ ಸಿಪಾಯಿ. ಸೋಮವಾರ ಸಾಯಂಕಾಲ ಹಾಜರಿ ಕೂಗಿದಾಗ ಅವನ ಹೆಸರಿಗೆ ಉತ್ತರ ಬರಲಿಲ್ಲ. ಕ್ಯಾಂಪಿನವರು ಮೇನ್ ಗೇಟಿನಲ್ಲಿ ಕೇಳಿದರು, ರೈಲ್ವೆ ಸ್ಟೇಷನ್ನಿನಲ್ಲಿ ಕೇಳಿದರು, ಅಲ್ಲಿಗೆ ಅವರ ಹುಡುಕುವ ಉಮೇದು ಮುಗಿಯಿತು. ಮಾರನೆಯ ದಿನವೇ ತುಮಕೂರಿಗೆ ಸುದ್ದಿ ಮುಟ್ಟಿಸಿದರು. ತುಮಕೂರಿನ ಸಾಹೇಬರು ಗುಬ್ಬಿಗೆ ಹೇಳಿದರು. ಗುಬ್ಬಿಯಲ್ಲಿ ಕೈಗೆ ಸಿಕ್ಕವನು ಕನಕರಾಜು.

ಕ್ಯಾಂಪಿನಿಂದ ಕರಿಬಸಮ್ಮನಿಗೂ ಫೋನ್ ಬಂದಿತ್ತು, ಆದರೆ ಹಿಂದಿಯಲ್ಲಿ. ಕರಿಬಸಮ್ಮನ ಹಿಂದಿ ‘ಹಲೋ’ ಎಂಬಲ್ಲಿಗೆ ಮುಗಿಯುತ್ತದೆ. ಅವಳು ಫೋನ್ ಹಿಡಿದುಕೊಂಡು ಓಡಿದ್ದು ಪಕ್ಕದ ಮನೆಗೆ, ಹಾಸಿಗೆ ಅಂಗಡಿ ನಯಾಜ್ ಅಹಮದನ ಹೆಂಡತಿ ಕುಲ್ಸುಂ ಬೀ ಬಳಿಗೆ.

ಕುಲ್ಸುಂ ಬೀ ಒಳ್ಳೆಯ ಹೆಂಗಸು. ಇಡೀ ಎಡವಟ್ಟಿಗೆ ಆ ಒಳ್ಳೆಯತನವೇ ಮೂಲ. ಹಲಸಿನ ತೊಳೆಯನ್ನು ಮೇಣ ಬಿಡಿಸಿ ಮಕ್ಕಳ ಕೈಗಿಡುವ ಹಾಗೆ ಅವಳು ಮಾತನ್ನು ದಾಟಿಸುತ್ತಿದ್ದಳು. ಕ್ಯಾಂಪಿನ ಗುಮಾಸ್ತ ಫೋನಿನಲ್ಲಿ ಹೇಳಿದ್ದು ಇಷ್ಟು: ನಿಮ್ಮ ಮಗ ಓಡಿಹೋಗಿದ್ದಾನೆ, ಮನೆಗೆ ಬಂದೇ ಬರುತ್ತಾನೆ, ಬಚ್ಚಿಟ್ಟುಕೊಂಡರೆ ನಿಮ್ಮನ್ನೂ ಒಳಗೆ ಹಾಕುತ್ತೇವೆ. ಕುಲ್ಸುಂ ಬೀ ಅದನ್ನು ಕನ್ನಡಕ್ಕೆ ತಂದದ್ದು ಹೀಗೆ: “ಅಕ್ಕಾ, ಉದಯ ಯಾಕೋ ಕಾಣ್ತಿಲ್ವಂತೆ. ಮನೇಗೇನಾದ್ರೂ ಬಂದ್ರೆ ತಿಳಿಸ್ಬೇಕಂತೆ. ಹುಡುಕಕ್ಕೆ ಪೊಲೀಸ್ರನ್ನೂ ಕಳಿಸ್ತಾರಂತೆ, ನೀವು ಭಯ ಪಡ್ಬೇಡಿ.” 

ಆ ಕಡೆಗೆ ಹೋಗುವ ಮಾತಿಗೂ ಅದೇ ಉಪಚಾರ. “ನನ್ನ ಮಗನ್ನ ನೋಡ್ಕೊಳಕ್ಕಾಗ್ದೇ ಇದ್ಮೇಲೆ ಇವ್ರೇನ್ ದೇಶ ಕಾಯ್ತಾರಂತೆ, ಇವ್ರ ಮೀಸೆಗಿಷ್ಟು ಬೆಂಕಿ ಹಾಕ,” ಎಂದು ಕರಿಬಸಮ್ಮ ಕೂಗಿದ್ದು ಕ್ಯಾಂಪಿನ ಕಿವಿಗೆ, “ತಾಯಿ ತಮಗೆ ನಮಸ್ಕಾರ ತಿಳಿಸಿದ್ದಾರೆ, ದಯವಿಟ್ಟು ಸ್ವಲ್ಪ ಗಮನ ಕೊಡಬೇಕಂತೆ” ಎಂದು ಮುಟ್ಟಿತು.

ಹೀಗಾಗಿ ಕನಕರಾಜು ತನ್ನ ಮಗನನ್ನು ಹಿಡಿಯಲು ಬರುತ್ತಿದ್ದಾನೆಂದು ಕರಿಬಸಮ್ಮನಿಗೆ ಗೊತ್ತೇ ಆಗಲಿಲ್ಲ. ಪಾಪ, ನಮ್ಮ ಹುಡುಗನಿಗಾಗಿ ಎಷ್ಟು ಒದ್ದಾಡುತ್ತಿದ್ದಾನೆ ಎಂದುಕೊಂಡು ದಿನಾ ಕಾಫಿ ಕೊಟ್ಟಳು, ಒಂದು ದಿನ ಬಿಸಿ ಉಪ್ಪಿಟ್ಟನ್ನೂ ಕೊಟ್ಟಳು. ಅವನು ಮಂಚದ ಕೆಳಗೆ ಬಗ್ಗಿದರೆ ಟಾರ್ಚ್ ಹಿಡಿದಳು. ಮನೆಯೊಳಗೇ ಯಾಕೆ ಹುಡುಕುತ್ತಾನೆ ಎಂದು ಒಂದು ಗಳಿಗೆ ಅನ್ನಿಸದೇ ಇರಲಿಲ್ಲ. ಆದರೆ ಟೀವಿಯಲ್ಲೂ ಪೊಲೀಸರು ಮನೆಯಿಂದಲೇ ಶುರುಮಾಡುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡಳು. ಗಂಡ ಚನ್ನವೀರಯ್ಯ ಎಂದಿನಂತೆ ಬಾಯಿಗೆ ಬೀಗ ಹಾಕಿಕೊಂಡು ಗಿರಣಿಯಲ್ಲಿ ರಾಗಿ ಬೀಸುತ್ತಿದ್ದ. ರಾತ್ರಿ ಮಗ್ಗುಲು ಬದಲಿಸುವ ಸದ್ದಿನಿಂದ ಅವನಿಗೂ ನಿದ್ದೆಯಿಲ್ಲವೆಂದು ಅವಳಿಗೆ ತಿಳಿಯುತ್ತಿತ್ತು.

ಬೀದಿಯವರಿಗೆ ಮಾತ್ರ ಎಲ್ಲ ಗೊತ್ತಿತ್ತು. ಆಡುವವರ ಬಾಯಿಗೆ ಅಡ್ಡ ಉಂಟೆ? ಒಬ್ಬರು ಉದಯನನ್ನು ತುಮಕೂರು ಬಸ್‌ಸ್ಟಾಂಡಿನಲ್ಲಿ ಕಂಡರು. ಇನ್ನೊಬ್ಬರು, “ವಸಂತನರಸಾಪುರದ ಫ್ಯಾಕ್ಟರೀಲಿ ಸೆಕ್ಯುರಿಟಿ ಆಗವ್ನಂತೆ ಕಣೋ, ಗಡ್ಡ ಬಿಟ್ಟವ್ನಂತೆ,” ಎಂದರು. ಮೂರೇ ದಿನಕ್ಕೆ ಅಷ್ಟು ಗಡ್ಡ ಹೇಗೆ ಬಂತೆಂದು ಯಾರೂ ಕೇಳಲಿಲ್ಲ.

ಶುಕ್ರವಾರ ಕನಕರಾಜು ಕುಣಿಗಲ್ ಕಡೆಯಿಂದ ಧೂಳು ಹೊತ್ತುಕೊಂಡು ಬಂದ. ಅಮೃತೂರಿನಲ್ಲಿದ್ದ ಕರಿಬಸಮ್ಮನ ತಮ್ಮನ ತೋಟವನ್ನೆಲ್ಲ ಜಾಲಾಡಿ, ತೆಂಗಿನಕಾಯಿ ರಾಶಿಯ ಹಿಂದೆಯೂ ಇಣುಕಿ ಬಂದಿದ್ದ. ಸುಸ್ತಾದವನ ಬಾಯಲ್ಲಿ ನಿಜ ನಿಲ್ಲುವುದಿಲ್ಲ. ಅರ್ಧ ಕಾಫಿ ಕುಡಿದವನೇ ಹೇಳಿಬಿಟ್ಟ.

“ಅಮ್ಮಾ, ನಿಮ್ಮ ಮನೆ ಉಪ್ಪು ತಿಂದಿದೀನಿ, ಅದಕ್ಕೇ ಹೇಳ್ತೀನಿ. ಎಲ್ಲಿ ಬಚ್ಚಿಟ್ಟಿದೀರ ಹೇಳ್ಬುಡಿ. ಓಡ್ಬಂದೋನು ತಾನಾಗೇ ಒಪ್ಕೊಂಡ್ರೆ ಶಿಕ್ಷೆ ಕಮ್ಮಿ.”

“ಯಾರು ಓಡ್ಬಂದೋನು?”

“ಇನ್ಯಾರು, ನಿಮ್ಮ ಮಗ.”

ಕರಿಬಸಮ್ಮ ಅವನ ಕೈಯಿಂದ ಲೋಟ ಕಿತ್ತುಕೊಂಡಳು. ಉಳಿದ ಅರ್ಧ ಕಾಫಿ ಬಚ್ಚಲಿಗೆ ಹೋಯಿತು. ಅಲ್ಲಿಂದ ಸೀದಾ ಪಕ್ಕದ ಮನೆಗೆ ನುಗ್ಗಿದಳು. ಕನಕರಾಜುವೂ ಕುಂಟುತ್ತ ಹಿಂದೆ ಹೋದ. ಗಲಾಟೆ ಕೇಳಿ ಚನ್ನವೀರಯ್ಯ ಗಿರಣಿ ನಿಲ್ಲಿಸಿ ಹೊರಬಂದ.

“ಏನೇ ಕುಲ್ಸುಂ, ನನ್ನ ಮಗ ಓಡೋದ ಅಂದ್ರಾ ಅವ್ರು?”

ಕುಲ್ಸುಂ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. “ನನ್ನ ಬಾಯಿಂದ ಅದನ್ನ ಹೆಂಗೆ ಅನ್ಲಿ ಅಕ್ಕಾ? ನನ್ನ ಕಣ್ಮುಂದೆ ಬೆಳೆದ ಹುಡುಗ.”

ಕರಿಬಸಮ್ಮನಿಗೆ ಬೈಯಬೇಕೆನ್ನಿಸಿತು. ಆದರೆ ಅಳುವವಳನ್ನು ಬೈಯುವುದು ಹೇಗೆ? ಆ ಸಿಟ್ಟೂ ಕನಕರಾಜುವಿನ ಕಡೆಗೇ ತಿರುಗಿತು. ಅವನು ತನ್ನ ಇಲಾಖೆಯ ಮಾನ ಉಳಿಸಿಕೊಳ್ಳಲು ಮೊಬೈಲ್ ತೆಗೆದು ಕ್ಯಾಂಪಿನವರು ಕಳಿಸಿದ್ದ ಫೋಟೊ ತೋರಿಸಿದ. ಉದಯನ ಮಂಚದ ಮೇಲೆ ಅವನ ಸಾಮಾನು ಹರಡಿತ್ತು.

“ನೋಡಿ, ಫೋನ್ ಬಿಟ್ಟೋಗವ್ನೆ. ಟ್ರೇಸ್ ಮಾಡ್ಬಾರ್ದು ಅಂತ. ಪರ್ಸ್ ಬಿಟ್ಟೋಗವ್ನೆ. ಗುರ್ತು ಸಿಗ್ಬಾರ್ದು ಅಂತ. ಪಕ್ಕಾ ಪ್ಲಾನು.”

ತೆಗೆದುಕೊಂಡು ಹೋಗಿದ್ದರೆ, ದಾರಿಗೆ ಬೇಕಂತ ತೆಗೆದುಕೊಂಡು ಹೋಗಿದ್ದಾನೆ, ಪಕ್ಕಾ ಪ್ಲಾನು ಎನ್ನುತ್ತಿದ್ದರು. ಓಡಿಹೋದವನು ಎಂದು ಒಮ್ಮೆ ತೀರ್ಮಾನವಾದ ಮೇಲೆ ಬಿಟ್ಟ ಚಪ್ಪಲಿಯೂ ಸಾಕ್ಷಿ, ಮೆಟ್ಟಿದ ಚಪ್ಪಲಿಯೂ ಸಾಕ್ಷಿ.

ಕರಿಬಸಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. ಫೋಟೊದ ಮೂಲೆಯಲ್ಲಿ, ದಿಂಬಿನ ಪಕ್ಕ, ಅರೆಬರೆ ಬಿಚ್ಚಿದ ಕರ್ಚೀಫಿನೊಳಗೆ ಒಂದು ಪುಟ್ಟ ಬೆಳ್ಳಿಯ ಡಬ್ಬಿ ಇತ್ತು. ಶಿವದಾರ ಹೊರಗೆ ಇಣುಕುತ್ತಿತ್ತು.

“ರೀ, ಕರಡಿಗೆ ತೆಗೆದಿಟ್ಟವ್ನೆ ಕಣ್ರೀ,” ಎಂದಳು ಗಂಡನಿಗೆ.

ಲಿಂಗ ಕಟ್ಟಿಕೊಂಡವರು ಅದನ್ನಿಡುವ ಕರಡಿಗೆಯನ್ನು ಕೊರಳಿಂದ ಇಳಿಸುವುದಿಲ್ಲ. ಉಣ್ಣುವಾಗ ಇರುತ್ತದೆ, ಮಲಗುವಾಗ ಇರುತ್ತದೆ, ಗಡಿ ಕಾಯುವಾಗಲೂ ಅಂಗಿಯೊಳಗೆ ಇರುತ್ತದೆ. ಉದಯನದು ಮಾತ್ರ ಒಂದು ವಿನಾಯಿತಿ. ಹುಡುಗನಾಗಿದ್ದಾಗ ಸೋದರಮಾವನ ತೋಟದ ಬಾವಿಯಲ್ಲಿ ಈಜುವಾಗ ಶಿವದಾರ ಕಿತ್ತು ಲಿಂಗ ತಳ ಸೇರಿತ್ತು. ಮಾವ ಮೂರು ಸಲ ಮುಳುಗಿ ತೆಗೆದಿದ್ದ. ಮನೆಯವರೆಲ್ಲ ಅಂದು ಊಟ ಮಾಡಿರಲಿಲ್ಲ. ಅಂದಿನಿಂದ ಉದಯ ನೀರಿಗಿಳಿಯುವ ಮುಂಚೆ ಅದನ್ನು ಕರ್ಚೀಫಿನಲ್ಲಿ ಸುತ್ತಿ ಒಣಗಿದ ಜಾಗದಲ್ಲಿ ಇಡುತ್ತಾನೆ, ಮೇಲೆ ಬಂದರೆ ಮೈ ಒರೆಸುವುದಕ್ಕೆ ಮುಂಚೆ ಕೊರಳಿಗೆ ಹಾಕಿಕೊಳ್ಳುತ್ತಾನೆ.

“ಓಡೋಗೋನು ಲಿಂಗ ಬಿಟ್ಟು ಓಡೋಗ್ತಾನಾ?” ಎಂದ ಚನ್ನವೀರಯ್ಯ. ವಾರದಲ್ಲಿ ಅವನು ಆಡಿದ ಮೊದಲ ಪೂರ್ತಿ ವಾಕ್ಯ ಅದು. “ಅವ್ನು ಅಲ್ಲೇ ಎಲ್ಲೋ ನೀರಿಗಿಳಿದವ್ನೆ. ಇನ್ನೂ ಮೇಲಕ್ಕೆ ಬಂದಿಲ್ಲ.”

ಕುಲ್ಸುಂ ಬೀ ಕಣ್ಣೊರೆಸಿಕೊಂಡು ಫೋನ್ ತೆಗೆದುಕೊಂಡಳು. “ಇವತ್ತು ನನ್ ನಯ ಎಲ್ಲಾ ಮನೇಲಿಟ್ಟು ಮಾತಾಡ್ತೀನಿ ಅಕ್ಕಾ. ನೀವು ಹೆಂಗಂತೀರೋ ಹಂಗೇ,” ಎಂದಳು.

ಗುಮಾಸ್ತನೇ ಫೋನ್ ಎತ್ತಿದ. ಕ್ಯಾಂಪಿನಲ್ಲಿ ಕೆರೆಯಿಲ್ಲ, ಬಾವಿಯಿಲ್ಲ ಎಂದ.

“ಹಂಗಾದ್ರೆ ಕುಡಿಯೋ ನೀರು ಆಕಾಶದಿಂದ ಬೀಳುತ್ತಾ ಕೇಳು,” ಎಂದಳು ಕರಿಬಸಮ್ಮ.

ಕುಲ್ಸುಂ ಬೀ ಕೇಳಿದಳು. ಅಧಿಕಾರಿಗಳ ಕ್ವಾರ್ಟರ್ಸ್ ಹಿಂದೆ ನೆಲದೊಳಗೆ ಒಂದು ಹಳೆಯ ಸಂಪು ಇದೆಯಂತೆ. ಆದರೆ ಅದಕ್ಕೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ, ಮೇಲೆ ‘ಅಪಾಯ’ ಎಂದು ಕೆಂಪು ಬೋರ್ಡು. ಬೀಗ ಹಾಕಿದ ಸಂಪಿನೊಳಗೆ ಮನುಷ್ಯ ಹೇಗೆ ಹೋಗುತ್ತಾನೆ ಎಂದು ಗುಮಾಸ್ತ ನಕ್ಕ.

“ಬೀಗ ಯಾವತ್ತು ಹಾಕಿದ್ದು ಕೇಳು.”

ಆ ಕಡೆ ನಗು ನಿಂತಿತು. ಸೋಮವಾರ ಮಧ್ಯಾಹ್ನ ಹಾಕಿದ್ದು. ಮಾರನೆಯ ದಿನ ದೊಡ್ಡ ಸಾಹೇಬರ ತಪಾಸಣೆ ಇತ್ತು. ಮುಚ್ಚಳ ತೆರೆದೇ ಬಿದ್ದಿದ್ದನ್ನು ಯಾರೋ ಕಂಡು, ಸುರಕ್ಷತೆಗೆ ಧಕ್ಕೆ ಎಂದು ಬೀಗ ಜಡಿಸಿ ಬೋರ್ಡು ಹಾಕಿಸಿದ್ದರು.

“ಮುಚ್ಚೋಕೆ ಮುಂಚೆ ಒಳಕ್ಕೆ ಬಗ್ಗಿ ನೋಡಿದ್ರಾ?”

ಇಲ್ಲವಂತೆ. ಮುಚ್ಚಲು ಆರ್ಡರ್ ಇತ್ತು. ಬಗ್ಗಿ ನೋಡಲು ಆರ್ಡರ್ ಇರಲಿಲ್ಲ.

“ಈಗ ಹೋಗಿ ನೋಡು ಅನ್ನು. ಫೋನ್ ಇಟ್ರೆ ಅವನ ವಂಶಕ್ಕೆ ಒಳ್ಳೇದಾಗಲ್ಲ ಅನ್ನು.” ಕುಲ್ಸುಂ ಬೀ ವಂಶದ ಮಾತನ್ನೂ ಬಿಡದೆ ಹೇಳಿದಳು. ಫೋನಿನಲ್ಲಿ ಬೂಟಿನ ಸದ್ದು, ಓಡುವ ಸದ್ದು, ಬೀಗದ ಕೈ ಯಾರ ಹತ್ತಿರವಿದೆ ಎಂಬ ಕೂಗಾಟ, ಕೊನೆಗೆ ಸುತ್ತಿಗೆಯ ಏಟು ಕೇಳಿಸಿತು. ಕರಿಬಸಮ್ಮ ಗೋಡೆ ಹಿಡಿದು ನಿಂತಿದ್ದಳು. ಅವಳಿಗೆ ದೇವರ ಹೆಸರೂ ನೆನಪಾಗಲಿಲ್ಲ, ಮಗನ ಹೆಸರೊಂದೇ ಬಾಯಲ್ಲಿತ್ತು. ಇಷ್ಟು ಭಯವನ್ನು ಅವಳು ಹುಟ್ಟಿದ ಮೇಲೆ ಪಟ್ಟಿರಲಿಲ್ಲ.

ಕುಲ್ಸುಂ ಬೀ ಇದ್ದಕ್ಕಿದ್ದಂತೆ ಅವಳ ತೋಳು ಹಿಡಿದುಕೊಂಡಳು. “ಇದಾನೆ ಅಕ್ಕಾ! ಉಸಿರಾಡ್ತಾ ಇದಾನೆ! ಮಾತಾಡ್ತಾ ಇದಾನಂತೆ!”

ಕನಕರಾಜು ಟೋಪಿ ತೆಗೆದು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಕರಿಬಸಮ್ಮ ಅವನಿಗೆ ಮತ್ತೆ ಕಾಫಿ ಮಾಡಿಕೊಟ್ಟಳು, ಈ ಸಲ ಪೂರ್ತಿ ಲೋಟ. ಚನ್ನವೀರಯ್ಯ ಗಿರಣಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಅತ್ತ.

ಮಾರನೆಯ ದಿನ ಆಸ್ಪತ್ರೆಯಿಂದ ವೀಡಿಯೊ ಕಾಲ್ ಬಂತು. ಮಾತು ದಾಟಿಸಲು ಕುಲ್ಸುಂ ಬೀ ಪಕ್ಕದಲ್ಲೇ ಕುಳಿತಿದ್ದಳು. ಉದಯನ ಕಾಲಿಗೆ ಪಟ್ಟಿ, ತಲೆಗೆ ಪಟ್ಟಿ. ಇಳಿಯುವಾಗ ಕಬ್ಬಿಣದ ಮೆಟ್ಟಿಲು ತುಕ್ಕು ಹಿಡಿದು ಮುರಿದಿತ್ತು. ಬಿದ್ದು ಎಚ್ಚರ ತಪ್ಪಿದ್ದ, ಎಚ್ಚರವಾದಾಗ ಮೇಲೆ ಕತ್ತಲು. ತಳದಲ್ಲಿ ಮೊಣಕಾಲುದ್ದ ನೀರಿತ್ತು, ಅದನ್ನೇ ಕುಡಿದು ಒಂದು ಕಟ್ಟೆಯ ಮೇಲೆ ಕುಳಿತಿದ್ದ. ಗಾಳಿಗೆ ಒಂದು ಕೊಳವೆ ಇದ್ದದ್ದು ಪುಣ್ಯ.

ಅವನ ಮಂಚದ ಪಕ್ಕ ಕ್ಯಾಂಪಿನ ಕಮಾಂಡರ್ ನಿಂತಿದ್ದ. ಒಳ್ಳೆಯ ದನಿಯ ಮನುಷ್ಯ. ತಾಯಿಗೆ ಅಭಿನಂದನೆ ಎಂದ, ನಿಮ್ಮ ಮಗ ವೀರ ಎಂದ, ನಿಮ್ಮನ್ನು ಕರೆಸಿ ಶಾಲು ಹೊದಿಸುತ್ತೇವೆ ಎಂದ. ಹಿಂದಿನ ದಿನದವರೆಗೆ ಓಡಿಹೋದವನಾಗಿದ್ದವನು ರಾತ್ರಿ ಬೆಳಗಾಗುವುದರೊಳಗೆ ವೀರನಾಗಿದ್ದ.

“ಶಾಲು ಇರ್ಲಿ, ಈಗ ಸೆಖೆ,” ಎಂದಳು ಕರಿಬಸಮ್ಮ. “ಅವನನ್ನ ಅದರೊಳಕ್ಕೆ ಇಳಿಸಿದ್ದು ಯಾರು?”

“ಯಾರೂ ಇಲ್ಲಮ್ಮ, ನಾನೇ ಇಳಿದೆ,” ಎಂದ ಉದಯ, ಕಣ್ಣು ಮಾತ್ರ ಬಾಗಿಲ ಕಡೆಗಿಟ್ಟು.

“ನಿನ್ನ ಕೇಳ್ಲಿಲ್ಲ, ನೀನು ಸುಮ್ನೆ ಮಲಕ್ಕೋ. ಗಂಜಿ ಕುಡಿದ್ಯಾ? ಕುಲ್ಸುಂ, ನೀನು ಅವ್ರನ್ನ ಕೇಳು.”

ಕಮಾಂಡರ್ ಗಂಟಲು ಸರಿಮಾಡಿಕೊಂಡ. ಮೆಟ್ಟಿಲು ಹಳೆಯದು, ಮುಚ್ಚಳ ಹಳೆಯದು, ಯಾರ ತಪ್ಪೂ ಇಲ್ಲ, ಏನಿದ್ದರೂ ನಾವು ಒಳಗೇ ನೋಡಿಕೊಳ್ಳುತ್ತೇವೆ ಎಂದ.

“ಒಳಗೆ ನೋಡೋ ಅಭ್ಯಾಸ ಇದ್ದಿದ್ರೆ ಸೋಮವಾರನೇ ನೋಡ್ತಿದ್ರಿ. ನಮ್ಮೂರ ಅಟ್ಟ ಹತ್ತಿಸ್ತಿರ್ಲಿಲ್ಲ.”

ಕುಲ್ಸುಂ ಬೀ ಅದನ್ನೂ ಹಾಗೇ ದಾಟಿಸಿದಳು. ಬಾಗಿಲ ಬಳಿ ನಿಂತಿದ್ದ ಬಿಳಿ ಮೀಸೆಯ ಸುಬೇದಾರನೊಬ್ಬ ಮುಂದೆ ಬಂದು, ಕೇಳದೆಯೇ ಫೋನ್ ತೆಗೆದುಕೊಂಡ. ಕರಿಬಸಮ್ಮನ ಗಂಡನಷ್ಟೇ ವಯಸ್ಸು. ಮಾತಾಡುವಾಗ ತುಟಿ ಅದುರುತ್ತಿತ್ತು.

“ಇಳಿಸಿದ್ದು ನಾನು ಅಂತಿದಾರೆ ಅಕ್ಕಾ,” ಎಂದಳು ಕುಲ್ಸುಂ ಬೀ. “ತಪಾಸಣೆಗೆ ಮುಂಚೆ ಸಾಹೇಬರ ಗುಲಾಬಿ ಗಿಡಕ್ಕೆ ನೀರು ಬಿಡ್ಬೇಕಿತ್ತಂತೆ, ಮೋಟ್ರು ನೀರು ಎತ್ಲಿಲ್ವಂತೆ. ಪೈಪ್ ನೋಡು ಅಂತ ಇವನನ್ನ ಕಳಿಸಿ, ಅವ್ರು ದಾರಿ ಬದಿ ಕಲ್ಲಿಗೆ ಸುಣ್ಣ ಹೊಡೆಸಕ್ಕೆ ಹೋದ್ರಂತೆ. ಕೆಲಸ ಮುಗಿಸಿ ಹೋಗಿರ್ತಾನೆ ಅನ್ಕೊಂಡ್ರಂತೆ. ಆಮೇಲೆ ಕಾಣ್ತಿಲ್ಲ ಅಂದಾಗ, ಡ್ಯೂಟಿ ಅಲ್ಲದ ಕೆಲಸಕ್ಕೆ ಹಾಕಿದ್ದೆ ಅಂತ ಹೇಳಕ್ಕೆ ಹೆದರ್ಕೊಂಡ್ರಂತೆ. ರಿಟೈರ್ ಆಗಕ್ಕೆ ಸ್ವಲ್ಪ ದಿನ ಇದೆಯಂತೆ.”

ಕರಿಬಸಮ್ಮ ರಾತ್ರಿಯೆಲ್ಲ ಬೈಗುಳ ಜೋಡಿಸಿಟ್ಟುಕೊಂಡಿದ್ದಳು, ಗುಬ್ಬಿ ಸೀಮೆಯಲ್ಲೇ ಯಾರೂ ಬೈದಿರದಂಥವು. ಆ ಮುಖ ನೋಡಿ ಒಂದೂ ಬಾಯಿಗೆ ಬರಲಿಲ್ಲ.

“ಒಂದು ಮಾತು,” ಎಂದಳು. “ಸೋಮವಾರ ಸಾಯಂಕಾಲ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸ್ವಾಮಿ. ನನ್ನ ಮಗ ಆ ಕತ್ತಲಲ್ಲಿ ಎಷ್ಟು ಕೂಗಿದ್ನೋ, ಅಮ್ಮಾ ಅಂತ.”

ಮಂಚದ ಮೇಲಿನಿಂದ ಉದಯನ ದನಿ ಬಂತು. “ಅಮ್ಮಾ ಅಂತ ಕೂಗ್ಲಿಲ್ಲಮ್ಮ. ನೀನು ಗುಬ್ಬೀಲಿದೀಯ, ನಿನಗೆಲ್ಲಿ ಕೇಳ್ಬೇಕು. ಸುಬೇದಾರ್ ಸಾಬ್, ಸುಬೇದಾರ್ ಸಾಬ್ ಅಂತಾನೇ ಕೂಗ್ತಿದ್ದೆ. ಇಳಿಸಿದೋರು ಅವ್ರೇ ಅಲ್ವಾ, ಯಾರು ಮರೆತ್ರೂ ಅವ್ರು ಬಂದೇ ಬರ್ತಾರೆ ಅನ್ಕೊಂಡಿದ್ದೆ.”

ಕನ್ನಡ ತಿಳಿಯದ ಸುಬೇದಾರ ತನ್ನ ಹೆಸರು ಕೇಳಿ, ಹುಡುಗ ಏನೆಂದ ಎಂದು ಫೋನಿನಲ್ಲಿ ಕೇಳಿದ. ಕುಲ್ಸುಂ ಬೀ ಕರಿಬಸಮ್ಮನ ಮುಖ ನೋಡಿದಳು. ಆಮೇಲೆ ಒಂದಕ್ಷರ ಬಿಡದೆ ಅವನಿಗೆ ಹೇಳಿದಳು.